ಗದೆ ಗಟ್ಟಿಯಾಗಬೇಕಾ, ಬಾಗಬೇಕಾ?

ಮಗು ಬಿದ್ದರೆ ಪೆಟ್ಟಾಗದಿರಲಿ ಅಂತ ಮನೆಯಲ್ಲಿ ಹಾಸುತ್ತಾರಲ್ಲ, ಒಂದಕ್ಕೊಂದು ಹಲ್ಲು ಕಚ್ಚಿಕೊಳ್ಳುವ ಫೋಮ್ ಮ್ಯಾಟ್? ನನ್ನ ಕಸುಬು ನಡೆಯುವುದೇ ಅದರಿಂದ. ಎರಡಡಿ ಚೌಕ, 10ರಿಂದ 12 ಮಿಲಿಮೀಟರ್ ದಪ್ಪ. ಅದರಲ್ಲಿ ನಾಟಕದವರಿಗೆ ಗದೆ, ಕವಚ, ಕಿರೀಟ ಮಾಡಿಕೊಡುತ್ತೇನೆ. ಬೆಂಗಳೂರಿನಲ್ಲಿ ಕಾಮಿಕ್ ಕಾನ್ (ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕಿಕೊಂಡು ಹೋಗುವ ಮೇಳ) ಹತ್ತಿರ ಬಂದರೆ ಹುಡುಗರ ವೇಷದ ಹೆಲ್ಮೆಟ್ಟುಗಳೂ ಇರುತ್ತವೆ. ಬಂದವರೆಲ್ಲ ಕೇಳುವುದು ಒಂದೇ: "ಸಾರ್, ಇದನ್ನ ಕಲ್ಲಿನ ಹಾಗೆ ಗಟ್ಟಿ ಮಾಡೋದು ಹೇಗೆ?" ನಾನು ತಿರುಗಿ ಕೇಳುತ್ತೇನೆ: ಇದು ಏಟು ತಿನ್ನುವ ಸಾಮಾನಾ, ಸುಮ್ನೆ ನೋಡುವ ಸಾಮಾನಾ?

ಹೀಗೆ ಕೇಳಬೇಕು ಅಂತ ಗೊತ್ತಾಗಿದ್ದು ಒಂದು ಗದೆ ಹಾಳಾದ ಮೇಲೆ. ಭೀಮನಿಗೆ 24 ಸೆಂಟಿಮೀಟರ್ ಅಡ್ಡಳತೆಯ ಗುಂಡು ಮಾಡಿದ್ದೆ. ಸುತ್ತಳತೆ ಸುಮಾರು 75 ಸೆಂಟಿಮೀಟರ್. ಅದನ್ನು ಎಂಟು ಪಾಲು ಮಾಡಿದರೆ ಒಂದೊಂದು ಹೋಳು ನಡುವಿನಲ್ಲಿ 9.4 ಅಗಲ, ಉದ್ದ 37.7. ಎರಡೂ ತುದಿ ಚೂಪು, ಥೇಟ್ ಕಿತ್ತಳೆ ತೊಳೆ. ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಬಾಗಿಸಿದೆ. ಅಂಚುಗಳಿಗೆ ಬಡಗಿಗಳು ಬಳಸುವ ಫೆವಿಕಾಲ್ ಎಸ್‌ಆರ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿದೆ. ಹಸಿ ಇದ್ದಾಗಲೇ ಒತ್ತಿದರೆ ಹಿಡಿಯಲ್ಲ. ಮೇಲೆ ಎರಡು ಕೋಟ್ ರೆಸಿನ್, ಅಂದರೆ ಬಳಿದ ಮೇಲೆ ಗಟ್ಟಿ ಪ್ಲಾಸ್ಟಿಕ್ ಆಗುವ ದ್ರವ. ಕೈಯಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು, ನನಗೂ ಹೆಮ್ಮೆ.

ನಾಟಕದ ಮೂರನೇ ಪ್ರದರ್ಶನದಲ್ಲಿ ದುರ್ಯೋಧನನ ಗದೆಗೆ ತಾಗಿತು ನೋಡಿ, ಬೇಯಿಸಿದ ಮೊಟ್ಟೆಯ ಸಿಪ್ಪೆ ಹಾಗೆ ಬಿರುಕು ಬಿಟ್ಟಿತು. ಚೂರುಗಳು ರಂಗದ ಮೇಲೆ, ಬರಿಗಾಲಲ್ಲಿ ಕುಣಿಯುವವರ ನಡುವೆ. ಒಳಗಿನ ಫೋಮ್‌ಗೆ ಏನೂ ಆಗಿರಲಿಲ್ಲ. ಅದು ಏಟಿಗೆ ಅಮುಕಿ ಮತ್ತೆ ಎದ್ದಿತ್ತು. ಮೇಲಿನ ಚರ್ಮಕ್ಕೆ ಅಮುಕಲು ಬರಲಿಲ್ಲ, ಅಷ್ಟೇ.

ಈಗ ಏಟು ತಿನ್ನುವ ಸಾಮಾನಿಗೆ ರೆಸಿನ್ ಮುಟ್ಟಿಸುವುದಿಲ್ಲ. ಗಟ್ಟಿತನ ಬೇಕಿದ್ದರೆ ಒಳಗಿಡುತ್ತೇನೆ: ಹಿಡಿಯಿಂದ ಗುಂಡಿನ ತುದಿವರೆಗೆ ಪಿವಿಸಿ ಪೈಪು. ಹೊರಮೈಗೆ ಹೀಟ್ ಗನ್ ಆಡಿಸಿದರೆ ಸಣ್ಣ ರಂಧ್ರಗಳು ಮುಚ್ಚಿ ಹೊಳಪು ಬರುತ್ತದೆ. ಆಮೇಲೆ ನೀರು ಬೆರೆಸಿದ ಬಿಳಿ ಫೆವಿಕಾಲ್, ತೆಳ್ಳಗೆ ನಾಲ್ಕೈದು ಸಲ. ಒಣಗಿದ ಮೇಲೂ ಅದು ಬಾಗುತ್ತದೆ. ಆದರೆ ನೀರು ತಗುಲಿದರೆ ಮೆತ್ತಗಾಗುತ್ತದೆ, ಬಣ್ಣದ ಮೇಲೆ ವಾರ್ನಿಶ್ ಬೇಕೇ ಬೇಕು.

ಹೆಲ್ಮೆಟ್ಟಿನ ಕತೆ ಬೇರೆ. ಅದು ಆಕಾರ ಬಿಡಬಾರದು, ಅಲ್ವಾ? ಅದಕ್ಕೆ ರೆಸಿನ್ ಸರಿ, ಆದರೆ ಒಳಗಿನಿಂದ, ಫೈಬರ್ ಗ್ಲಾಸ್ ಬಟ್ಟೆಯ ಜೊತೆ. ಹೊರಗೆ ಬಳಿದರೆ ನೀವು ಕಷ್ಟಪಟ್ಟು ಕೊರೆದ ಗೆರೆಗಳೆಲ್ಲ ತುಂಬಿಹೋಗುತ್ತವೆ. ಎಪಾಕ್ಸಿ ರೆಸಿನ್ ದುಬಾರಿ, ವಾಸನೆ ಕಡಿಮೆ. ಪಾಲಿಯೆಸ್ಟರ್ ರೆಸಿನ್ ಅಗ್ಗ ಅಂತ ತಂದರೆ ಅಂಗಡಿಯವರು ಎರಡು ಸಣ್ಣ ಬಾಟಲಿಯನ್ನೂ ಕೊಡುತ್ತಾರೆ. ನೇರಳೆ ಬಣ್ಣದ್ದು ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್, ನೀರಿನಂತಿರುವುದು ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಇವೆರಡನ್ನು ನೇರವಾಗಿ ಸೇರಿಸಲೇಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್. ಒಂದೇ ಅಳತೆ ಮುಚ್ಚಳ ಎರಡಕ್ಕೂ ಅದ್ದುವ ಚಾಳಿ ಬಿಡಿ. ಕಿಟಕಿ ತೆರೆದಿರಲಿ, ಮುಖಕ್ಕೆ ಕೆಮಿಕಲ್ ಆವಿ ತಡೆಯುವ ಮಾಸ್ಕ್ ಇರಲಿ. ಕರ್ಚೀಫ್ ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ.

ಮ್ಯಾಟ್ ಕೊಳ್ಳುವಾಗ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಹಾಗೇ ಉಳಿದರೆ ಬೇರೆ ಕೇಳಿ. ಫೋಮ್ ಕತ್ತರಿಸುವ ಕಟರ್ ಬ್ಲೇಡಿನ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿಕೊಳ್ಳಿ. ಫೋಮ್ ನೋಡಲು ಮೆತ್ತಗೆ, ಆದರೆ ಅಲಗನ್ನು ಬಲುಬೇಗ ಮೊಂಡು ಮಾಡುತ್ತದೆ.

ಹೊಸ ಗದೆ ನೋಡಿ ಭೀಮನ ಪಾತ್ರಧಾರಿಗೆ ಒಂದು ಬೇಸರ. "ಹೊಡೆದರೆ ಸದ್ದೇ ಬರಲ್ಲವಲ್ಲ ಸಾರ್." ಸದ್ದನ್ನು ಈಗ ಮದ್ದಳೆಯವರು ಕೊಡುತ್ತಿದ್ದಾರೆ.