ಡಬ್ಬಿಯ ತುಂಬ ಬೆಣಚುಕಲ್ಲು

ಯೋಹಾನ್ ಕ್ರಿಸ್ಟಿಯಾನ್ ನೊಯ್‌ಬರ್ ಎಂಬ ಅಕ್ಕಸಾಲಿ 18ನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೂತು ಮಾಡಿದ ನಶ್ಯದ ಡಬ್ಬಿಗಳು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರ. ಮುಚ್ಚಳ, ಪಕ್ಕ, ತಳ ಎಲ್ಲೆಡೆ ಚಿನ್ನದ ತೆಳು ಪಟ್ಟಿಗಳಿಂದ ಕಟ್ಟಿದ ಪುಟ್ಟ ಪುಟ್ಟ ಮನೆಗಳು, ಒಂದೊಂದು ಮನೆಯಲ್ಲೂ ನುಣುಪಾಗಿ ಉಜ್ಜಿದ ಒಂದೊಂದು ಕಲ್ಲಿನ ಬಿಲ್ಲೆ. ರಕ್ತಗೆಂಪು, ಜೇನುಬಣ್ಣ, ನೇರಳೆ, ಪಾಚಿಹಸಿರು, ಹಾಲುಬಿಳಿ. ಈ ಬಗೆಯ ಹಲವು ಡಬ್ಬಿಗಳಲ್ಲಿ ಪ್ರತಿ ಕಲ್ಲಿನ ಅಂಚಿನ ಚಿನ್ನದ ಮೇಲೆ ಒಂದು ಅಂಕಿ ಕೆತ್ತಿರುತ್ತದೆ. ಡಬ್ಬಿಯೊಳಗೆ ಅಡಗಿಸಿಟ್ಟ ಕಿರುಹೊತ್ತಗೆಯನ್ನು ತೆಗೆದು ಆ ಅಂಕಿಯನ್ನು ಹುಡುಕಿದರೆ ಕಲ್ಲಿನ ಹೆಸರೂ ಅದು ಸಿಕ್ಕಿದ ಊರೂ ಗೊತ್ತಾಗುತ್ತದೆ. ನಶ್ಯ ಏರಿಸುವ ನೆಪದಲ್ಲಿ ಜೇಬಿನಲ್ಲೊಂದು ಭೂವಿಜ್ಞಾನದ ಸಂಗ್ರಹಾಲಯ!

ಆದರೆ ನನಗೆ ಈ ಡಬ್ಬಿಗಳ ಮೇಲೆ ಇಷ್ಟೊಂದು ಮೋಹ ಹುಟ್ಟಿರುವುದು ಚಿನ್ನಕ್ಕಾಗಿ ಅಲ್ಲ, ಕುಸುರಿಗಾಗಿಯೂ ಅಲ್ಲ. ಬೇರೆ ಬೇರೆ ಹೆಸರು, ಬೇರೆ ಬೇರೆ ಅಂಕಿ, ಬೇರೆ ಬೇರೆ ಬಣ್ಣ ಹೊತ್ತ ಈ ಕಲ್ಲುಗಳಲ್ಲಿ ಬಹುಪಾಲು ಒಂದೇ ವಸ್ತು. ಅಗೇಟ್, ಜ್ಯಾಸ್ಪರ್, ಕಾರ್ನೀಲಿಯನ್, ಅಮೆಥಿಸ್ಟ್ ಎಲ್ಲವೂ ಸಿಲಿಕಾನ್ ಡೈಆಕ್ಸೈಡ್. ಅಂದರೆ ನಮ್ಮ ಹೊಲದ ಬದುವಿನಲ್ಲಿ ಬಿದ್ದಿರುವ ಬೆಣಚುಕಲ್ಲು.

ನೊಯ್‌ಬರ್ ಹುಟ್ಟಿದ್ದು 1736ರಲ್ಲಿ. ಡ್ರೆಸ್ಡೆನ್ ರಾಜಧಾನಿಯಾಗಿದ್ದ ಸ್ಯಾಕ್ಸನಿ ನಾಡಿನ ಆಸ್ಥಾನದ ಆಭರಣಕಾರನಾದ, ಅರಸರ ಖಜಾನೆಯ ಸಂಗ್ರಹವಾದ ಗ್ರೀನ್ ವಾಲ್ಟ್‌ನ ಉಸ್ತುವಾರಿಯನ್ನೂ ಹೊತ್ತ. ಅವನ ಕಾಲದ ಸ್ಯಾಕ್ಸನಿ ಏಳು ವರ್ಷಗಳ ಯುದ್ಧದಲ್ಲಿ ಹೈರಾಣಾಗಿತ್ತು. ಯುದ್ಧ ಮುಗಿದದ್ದು 1763ರಲ್ಲಿ. ಎರಡೇ ವರ್ಷಕ್ಕೆ, 1765ರಲ್ಲಿ, ಫ್ರೈಬರ್ಗ್‌ನಲ್ಲಿ ಗಣಿಗಾರಿಕೆಯನ್ನು ಕಲಿಸುವ ಅಕಾಡೆಮಿ ಶುರುವಾಯಿತು. ಬಡವಾದ ನಾಡು ತನ್ನ ನೆಲದಡಿ ಏನಿದೆ ಎಂದು ಎಣಿಸತೊಡಗಿದ ಹೊತ್ತು ಅದು. ನೊಯ್‌ಬರ್‌ನ ಡಬ್ಬಿಗಳೂ ಆ ಎಣಿಕೆಯದೇ ಭಾಗ, ಆದರೆ ಶ್ರೀಮಂತರ ಕೈಗೆ ಹೋಗುವಷ್ಟು ಚೆಂದದ ಭಾಗ.

ಫ್ರೈಬರ್ಗ್‌ನ ಕತೆ ಇಲ್ಲಿ ಹೇಳಲೇಬೇಕು. 1775ರಿಂದ ಅಲ್ಲಿ ಪಾಠ ಹೇಳಿದ ಆಬ್ರಹಾಂ ಗಾಟ್‌ಲೊಬ್ ವರ್ನರ್ ಖನಿಜಗಳನ್ನು ಹೊರಲಕ್ಷಣಗಳಿಂದಲೇ ಗುರುತಿಸುವ ಕ್ರಮ ಕಟ್ಟಿದ. ಬಣ್ಣ, ಹೊಳಪು, ಗಡಸುತನ, ಮುಟ್ಟಿದರೆ ಹೇಗಿದೆ, ಮೂಸಿದರೆ ಹೇಗಿದೆ. ಬಣ್ಣಗಳಿಗೆ ಅವನು ಕೊಟ್ಟ ಹೆಸರುಗಳನ್ನು ಸ್ಕಾಟ್ಲೆಂಡಿನ ಚಿತ್ರಕಾರ ಪ್ಯಾಟ್ರಿಕ್ ಸೈಮ್ ಮುಂದೆ ಬೆಳೆಸಿದ. ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್ ಜೀವಿಗಳ ಬಣ್ಣ ಬರೆದಿಟ್ಟುಕೊಳ್ಳಲು ಬಳಸಿದ್ದು ಅದೇ ಬಣ್ಣಪಟ್ಟಿಯನ್ನು. ಪ್ರಾಣಿಪಕ್ಷಿಗಳಿಗೆ ಅದು ಸೊಗಸಾಗಿ ಒದಗಿತು. ಕಲ್ಲಿನ ವಿಷಯದಲ್ಲಿ ಮಾತ್ರ ಬಣ್ಣದಷ್ಟು ದಾರಿ ತಪ್ಪಿಸುವ ಲಕ್ಷಣ ಇನ್ನೊಂದಿಲ್ಲ. ವರ್ನರ್‌ನ ಶಿಷ್ಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಯಾವ ಕಲ್ಲು ಯಾವುದರ ಮೇಲೆ ಗೀರು ಎಳೆಯುತ್ತದೆ ಎಂಬುದನ್ನೇ ಹಿಡಿದು ಒಂದರಿಂದ ಹತ್ತರವರೆಗಿನ ಗಡಸುತನದ ಅಳತೆ ಕೊಟ್ಟ. ಬೆಣಚು 7, ವಜ್ರ 10, ಚಿನ್ನ 3ಕ್ಕಿಂತ ಕೆಳಗೆ. ನೊಯ್‌ಬರ್ ಡಬ್ಬಿಯ ಕೆಂಪು, ಹಸಿರು, ನೇರಳೆಗಳನ್ನು ಈ ಅಳತೆಗೆ ಒಡ್ಡಿದರೆ ಅವು ಹೆಚ್ಚುಕಡಿಮೆ 7ರ ಸುತ್ತಲೇ ನಿಲ್ಲುತ್ತವೆ.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ಬಹುಮಟ್ಟಿಗೆ ಕಬ್ಬಿಣದಿಂದ, ಅದೂ ಚಿಟಿಕೆಯಷ್ಟು. ಕೆಂಪು ಜ್ಯಾಸ್ಪರ್‌ನಲ್ಲಿ ಕೂತಿರುವುದು ಹೆಮಟೈಟ್, ಸಂಡೂರಿನ ಅದಿರಿನಲ್ಲಿರುವ ಅದೇ ಕಬ್ಬಿಣದ ಆಕ್ಸೈಡ್. ಸಂಡೂರು, ಚಿತ್ರದುರ್ಗಗಳ 250 ಕೋಟಿ ವರ್ಷಕ್ಕೂ ಹಳೆಯ ಪಟ್ಟೆಪಟ್ಟೆ ಶಿಲೆಗಳಲ್ಲಿ ಹೆಮಟೈಟ್ ಮತ್ತು ಕೆಂಪು ಜ್ಯಾಸ್ಪರ್ ಒಂದರ ಮೇಲೊಂದು ಪದರವಾಗಿ ಸಿಗುವುದು ಅದಕ್ಕೇ. ಕಬ್ಬಿಣದ ಜೊತೆ ನೀರಿನ ಅಂಶವೂ ಸೇರಿ ಗೋಥೈಟ್ ಆಗಿದ್ದರೆ ಕಲ್ಲು ಹಳದಿ, ಕಂದು. ಅದನ್ನು ಹದವಾಗಿ ಕಾಯಿಸಿದರೆ ನೀರು ಹೋಗಿ ಗೋಥೈಟ್ ಹೆಮಟೈಟ್ ಆಗುತ್ತದೆ, ಕಲ್ಲು ಕೆಂಪಾಗುತ್ತದೆ. ಹರಪ್ಪದ ಮಣಿಗಾರರು ಕಾರ್ನೀಲಿಯನ್ ಮಣಿಗಳಿಗೆ ಕೆಂಪು ತರಿಸಿದ್ದು ಹೀಗೆ ಸುಟ್ಟೇ.

ಅಮೆಥಿಸ್ಟ್‌ನ ನೇರಳೆ ಇನ್ನೂ ಸೋಜಿಗದ್ದು. ಬೆಣಚಿನ ಹರಳಿನಲ್ಲಿ ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಕಬ್ಬಿಣದ ಪರಮಾಣು ಸೇರಿಕೊಂಡಿರುತ್ತದೆ. ಅಷ್ಟರಿಂದಲೇ ನೇರಳೆ ಬರುವುದಿಲ್ಲ. ಸುತ್ತಲ ಬಂಡೆಯಲ್ಲಿರುವ ವಿಕಿರಣಶೀಲ ಧಾತುಗಳಿಂದ ಹೊಮ್ಮುವ ಗಾಮಾ ಕಿರಣ ಲಕ್ಷಾಂತರ ವರ್ಷ ಈ ಹರಳಿನ ಮೂಲಕ ಹಾದುಹೋಗುತ್ತ ಕಬ್ಬಿಣದ ತಾಣದಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಬೇರೆಡೆ ಸಿಕ್ಕಿಸುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಆ ತಾಣ ಬೆಳಕಿನಲ್ಲಿರುವ ಹಸಿರು, ಹಳದಿ ಭಾಗವನ್ನು ಹೀರುತ್ತದೆ. ನೀಲಿಯೂ ಕೆಂಪೂ ಪಾರಾಗಿ ಬಂದು ನಮ್ಮ ಕಣ್ಣಲ್ಲಿ ನೇರಳೆಯಾಗುತ್ತವೆ. ಈಗ ಈ ಕಲ್ಲನ್ನು 450–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಶಾಖದ ಕುಲುಕಾಟಕ್ಕೆ ಸಿಕ್ಕಿಬಿದ್ದಿದ್ದ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ತಮ್ಮ ಜಾಗಕ್ಕೆ ಮರಳುತ್ತವೆ. ನೇರಳೆ ಮಾಯ. ಎಷ್ಟೋ ಕಲ್ಲುಗಳು ಹಳದಿಗೆ ತಿರುಗಿ ಸಿಟ್ರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತವೆ. ಅಲ್ಲಿ ಸಿಗುವ ಸಿಟ್ರಿನ್‌ನಲ್ಲಿ ಬಹಳಷ್ಟು ಹೀಗೆ ಕಾಯಿಸಿದ ಅಮೆಥಿಸ್ಟ್.

ಇಲ್ಲಿ ನನಗೆ ಸಂಕಟವಾಗುತ್ತದೆ. ನಮ್ಮ ಊರುಗಳಲ್ಲಿ ಉಂಗುರದ ಕಲ್ಲು ಕೊಡುವವರು ನೀಲಮಣಿ ಕೊಳ್ಳಲಾಗದವರಿಗೆ ಶನಿಶಾಂತಿಗೆಂದು ಅಮೆಥಿಸ್ಟ್ ಕೊಡುತ್ತಾರೆ, ಪುಷ್ಯರಾಗ ಕೊಳ್ಳಲಾಗದವರಿಗೆ ಗುರುಬಲಕ್ಕೆಂದು ಸಿಟ್ರಿನ್ ಕೊಡುತ್ತಾರೆ. ಒಂದೇ ಕಲ್ಲು ಕುಲುಮೆಗೆ ಹೋಗುವ ಮೊದಲು ಶನಿಯದು, ಹೊರಗೆ ಬಂದ ಮೇಲೆ ಗುರುವಿನದು! ನಡುವೆ ಆದದ್ದು ಒಂದಿಷ್ಟು ಎಲೆಕ್ಟ್ರಾನ್‌ಗಳ ಸ್ಥಾನಪಲ್ಲಟ, ಅಷ್ಟೇ. ಮಗಳ ಮದುವೆ ತಡವಾಗುತ್ತಿದೆ, ಅಂಗಡಿ ನಡೆಯುತ್ತಿಲ್ಲ ಎಂದು ಕಂಗೆಟ್ಟು ಬಂದವರ ಕೈಯಿಂದ ಇದಕ್ಕೆ ಸಾವಿರಾರು ರೂಪಾಯಿ ಕೀಳುವುದನ್ನು ಕಂಡು ಸುಮ್ಮನಿರಲಾಗದು. ಉಂಗುರ ಚೆಂದವೆಂದು ಕೊಳ್ಳಿ, ತೊಡಿ, ಅದರಲ್ಲಿ ತಪ್ಪಿಲ್ಲ.

ಡಬ್ಬಿಗೆ ಮರಳೋಣ. ಕಲ್ಲನ್ನು ಅಷ್ಟು ತೆಳುವಾಗಿ ಕೊಯ್ದರೂ ಅದು ಏಕೆ ಒಡೆಯುವುದಿಲ್ಲ? ಅಗೇಟ್, ಕಾರ್ನೀಲಿಯನ್‌ಗಳು ಒಂದೇ ದೊಡ್ಡ ಹರಳಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಎಳೆಗಳು ಒಂದರೊಳಗೊಂದು ಹೆಣೆದು ಬೆಳೆದಿರುತ್ತವೆ. ಗಂಟುಗಂಟಾದ ಹುಣಸೆ ಕೊರಡನ್ನು ಸೀಳಲು ಹೊರಟವರಿಗೆ ಇದರ ಬಲ ಗೊತ್ತು: ಬಿರುಕು ಓಡಲು ನೇರ ದಾರಿಯೇ ಸಿಗುವುದಿಲ್ಲ. ಸ್ಯಾಕ್ಸನಿಯ ಶ್ಲಾಟ್‌ವಿಟ್ಜ್‌ನಲ್ಲಿ ನೆಲದಾಳದಲ್ಲೇ ಚೂರಾಗಿ, ಆ ಚೂರುಗಳ ನಡುವೆ ಹೊಸದಾಗಿ ಬೆಣಚೂ ಅಮೆಥಿಸ್ಟೂ ಬೆಳೆದು ಮತ್ತೆ ಗಟ್ಟಿಯಾಗಿ ಬೆಸೆದುಕೊಂಡ ಅಗೇಟ್ ಸಿಗುತ್ತದೆ. ಕೆಮ್ನಿಟ್ಜ್‌ನಲ್ಲಿ ಸುಮಾರು 29 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಕಾಡೊಂದರ ಮರಗಳೇ ಸಿಲಿಕಾ ತುಂಬಿಕೊಂಡು ಕಲ್ಲಾಗಿವೆ.

ಇಂಥ ಕಲ್ಲಿನ ಬೆಲೆ ಅರಿತ ಸ್ಯಾಕ್ಸನಿಯ ಅರಸರು ಅದನ್ನು ರಾಜತಾಂತ್ರಿಕ ಉಡುಗೊರೆಯಾಗಿಯೂ ಬಳಸಿದರು. ಆಸ್ಟ್ರಿಯ, ಪ್ರಶ್ಯಗಳ ನಡುವಿನ ಯುದ್ಧ ನಿಲ್ಲಿಸಿದ 1779ರ ಟೆಶೆನ್ ಒಪ್ಪಂದದಲ್ಲಿ ಮಧ್ಯಸ್ಥಿಕೆ ವಹಿಸಿದ ಫ್ರಾನ್ಸಿನ ರಾಯಭಾರಿ ಬ್ರೆತೈ ಅವರಿಗೆ 1780ರಲ್ಲಿ ಸಂದದ್ದು ನೊಯ್‌ಬರ್ ಮಾಡಿದ ಮೇಜು. ಅದರ ಹಲಗೆಯಲ್ಲಿ 128 ಕಲ್ಲುಗಳು, ಜೊತೆಗೆ ಅಂಕಿಗಳ ವಿವರದ ಹೊತ್ತಗೆ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯ ಜನರಿಂದ ವಂತಿಗೆಯನ್ನೂ ಎತ್ತಿ, 1 ಕೋಟಿ 25 ಲಕ್ಷ ಯೂರೊ ತೆತ್ತು ಅದನ್ನು ಕೊಂಡಿತು.

ಅಗೇಟ್‌ನೊಳಗಿನ ಆ ಬೆಣಚಿನ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳಿಂದ ಇನ್ನೊಂದು ವಿದ್ಯೆಯೂ ಹುಟ್ಟಿದೆ. ಸಂದುಗಳಲ್ಲಿ ದ್ರವ ಇಳಿಯುತ್ತದೆ. ಜರ್ಮನಿಯದೇ ಇದಾರ್ ಊರಿನ ಕಲ್ಲುಕುಟಿಗರು 19ನೇ ಶತಮಾನದಲ್ಲಿ ಇದನ್ನು ಕಸುಬಾಗಿಸಿಕೊಂಡರು. ಮಂಕಾದ ಬೂದು ಅಗೇಟನ್ನು ಸಕ್ಕರೆ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಆಮೇಲೆ ಗಂಧಕಾಮ್ಲದಲ್ಲಿ ಕಾಯಿಸುತ್ತಾರೆ. ಆಮ್ಲ ಸಕ್ಕರೆಯಿಂದ ನೀರನ್ನು ಕಿತ್ತುಕೊಂಡು ಸಂದುಸಂದಿನಲ್ಲೂ ಕರಿ ಇಂಗಾಲವನ್ನು ಉಳಿಸುತ್ತದೆ. ಕಲ್ಲು ಕಡುಗಪ್ಪಾಗುತ್ತದೆ, ಬಣ್ಣ ಮಾಸುವುದಿಲ್ಲ. ಆಭರಣದಂಗಡಿಯಲ್ಲಿ ಇಂದು ಸಿಗುವ ಕಪ್ಪು ಓನಿಕ್ಸ್‌ನಲ್ಲಿ ಹೆಚ್ಚಿನದು ಹೀಗೆ ಬಣ್ಣ ಕಟ್ಟಿದ್ದೇ.