ಹಳೆಯ ಎಲೆಕ್ಟ್ರಿಕ್ ಗಿಟಾರಿನ ನಾದ ಎಲ್ಲಿದೆ?

1950ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಕೆಲವು ಸಾಲಿಡ್ ಬಾಡಿ (ಗಟ್ಟಿ ಒಡಲಿನ) ಎಲೆಕ್ಟ್ರಿಕ್ ಗಿಟಾರುಗಳು ಇಂದು ಲಕ್ಷಾಂತರ ಡಾಲರಿಗೆ ಮಾರಾಟವಾಗುತ್ತವೆ. ಕಾರಣ ಕೇಳಿದರೆ ಹೆಚ್ಚಿನವರು ಮರವನ್ನು ತೋರಿಸುತ್ತಾರೆ: ಅಷ್ಟು ವರ್ಷ ಒಣಗಿ ಹದಗೊಂಡ ಮರ, ಮೇಲಿನ ಮೆರುಗೆಣ್ಣೆ ಬಿರುಕುಬಿಟ್ಟು 'ಉಸಿರಾಡುವ' ಮರ, ಅದಕ್ಕೇ ಆ ನಾದ ಎನ್ನುತ್ತಾರೆ. ವೀಣೆಗೂ ಪಿಟೀಲಿಗೂ ಸಲ್ಲುವ ಮಾತನ್ನು ಬೇರೊಂದು ಜಾತಿಯ ವಾದ್ಯಕ್ಕೆ ಅಂಟಿಸಿದ್ದರಿಂದ ಈ ನಂಬಿಕೆ ಬೆಳೆದಿದೆ. ವೀಣೆಯಲ್ಲಿ ಹಲಸಿನ ಮರದ ಕೊಡವೇ ತಂತಿಯ ಕಂಪನವನ್ನು ಗಾಳಿಗೆ ದಾಟಿಸುತ್ತದೆ. ಸಾಲಿಡ್ ಬಾಡಿ ಗಿಟಾರು ಹುಟ್ಟಿದ್ದೋ, ಮರ ಆದಷ್ಟು ಸುಮ್ಮನಿರಲಿ ಎಂಬ ಆಸೆಯಿಂದ.

ಮದುವೆ ಮಂಟಪದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಅದು ಕೂಗಿಕೊಳ್ಳುವುದನ್ನು ಎಲ್ಲರೂ ಕೇಳಿರುತ್ತೇವೆ. ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಸಾಧನ) ಜೋಡಿಸಿದವರಿಗೂ ಇದೇ ಕಾಟವಿತ್ತು; ಸ್ಪೀಕರಿನ ಸದ್ದು ಗಿಟಾರಿನ ತೆಳು ಹಲಗೆಯನ್ನು ಅಲುಗಿಸುತ್ತಿತ್ತು, ಹಲಗೆ ತಂತಿಯನ್ನು ಅಲುಗಿಸುತ್ತಿತ್ತು, ಆ ಅಲುಗಾಟ ಮತ್ತೆ ಸ್ಪೀಕರಿಗೆ ಹೋಗುತ್ತಿತ್ತು. ಗಟ್ಟಿ ಒಡಲು ಈ ಸುತ್ತನ್ನು ಬಹುಮಟ್ಟಿಗೆ ಮುರಿಯಿತು. 1932ರಲ್ಲಿ ಮಾರಾಟಕ್ಕೆ ಬಂದ, ಜಾರ್ಜ್ ಬೀಚಮ್ ರೂಪಿಸಿದ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಗಿಟಾರನ್ನು ತೊಡೆಯ ಮೇಲಿಟ್ಟು ನುಡಿಸುತ್ತಿದ್ದರು. ಅದರ ಒಡಲು ಅಚ್ಚಿನಲ್ಲಿ ಎರಕಹೊಯ್ದ ಅಲ್ಯೂಮಿನಿಯಂ. ಮರವೇ ನಾದದ ಮೂಲವೆನ್ನುವವರು ಈ ವಾದ್ಯವನ್ನು ಒಮ್ಮೆ ನೆನೆಯಬೇಕು. 1940ರ ಸುಮಾರಿಗೆ ಗಿಟಾರು ವಾದಕ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ನಾಲ್ಕಂಗುಲ ದಪ್ಪದ ಪೈನ್ ತೊಲೆಗೇ ತಂತಿ ಮತ್ತು ಪಿಕಪ್ ಕೂರಿಸಿಕೊಂಡರು. ಬರಿಯ ತೊಲೆಯನ್ನು ನುಡಿಸಿದಾಗ ಜನ ಒಲಿಯಲಿಲ್ಲ, ಎರಡೂ ಬದಿಗೆ ಹಳೆಯ ಗಿಟಾರಿನ ರೆಕ್ಕೆಗಳನ್ನು ಸಿಕ್ಕಿಸಿದ ಮೇಲೆ ಮೆಚ್ಚಿಕೊಂಡರು ಎಂದು ಅವರು ಹೇಳುತ್ತಿದ್ದರು. ಕಣ್ಣು ಕಿವಿಗೆ ಪಾಠ ಹೇಳಿಕೊಡುವುದು ಆಗಲೇ ಶುರುವಾಗಿತ್ತು.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್ ರೇಡಿಯೋ ರಿಪೇರಿಯಿಂದ ಈ ಕಸುಬಿಗೆ ಬಂದವರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. 1950ರಲ್ಲಿ ಅವರು ತಂದ ಬ್ರಾಡ್‌ಕ್ಯಾಸ್ಟರ್, ಡ್ರಮ್ ತಯಾರಿಸುವ ಗ್ರೆಚ್ ಕಂಪನಿ ಹೆಸರಿಗೆ ತಕರಾರು ಎತ್ತಿದ್ದರಿಂದ, 1951ರಲ್ಲಿ ಟೆಲಿಕ್ಯಾಸ್ಟರ್ ಆಯಿತು. ಒಡಲಿಗೆ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದದ್ದು, ಸವೆದರೆ ಬಿಚ್ಚಿ ಬದಲಿಸಲಿ ಎಂಬ ರಿಪೇರಿಯವನ ಬುದ್ಧಿ. ಮೂರು ಪಿಕಪ್ಪಿನ ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ ಬಂತು. ಮಿಷಿಗನ್ ರಾಜ್ಯದ ಕಲಮಜೂವಿನಲ್ಲಿದ್ದ ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಮಾದರಿಯಲ್ಲಿ ಮಹಾಗನಿ ಒಡಲು, ಮೇಪಲ್ ಮುಖ, ಅಂಟಿನಿಂದ ಕೂರಿಸಿದ ಕತ್ತು. ಫೆಂಡರಿನಲ್ಲಿ ಕಂಪಿಸುವ ತಂತಿಯ ಉದ್ದ 25.5 ಅಂಗುಲ, ಗಿಬ್ಸನ್ನಿನದು ಸುಮಾರು 24.75, ಅದೇ ತಂತಿಯನ್ನು ಅದೇ ಶ್ರುತಿಗೆ ತರಲು ಫೆಂಡರಿನಲ್ಲಿ ಸುಮಾರು ಶೇ. 6ರಷ್ಟು ಹೆಚ್ಚು ಬಿಗಿಯಬೇಕು. ಬೆರಳಿಗೆ ಮೊದಲು ತಿಳಿಯುವ ವ್ಯತ್ಯಾಸ ಇದು.

ಇನ್ನು ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ ಆಯಿತು. ಮೇಲಿರುವ ಉಕ್ಕಿನ ತಂತಿ ಅದರ ನೆರೆಯಲ್ಲಿ ತಾನೂ ಅಯಸ್ಕಾಂತವಾಗುತ್ತದೆ. ಮೀಟಿದಾಗ ಅದು ಓಲಾಡಿ, ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿದು, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ನಿಯಮದಂತೆ ವಿದ್ಯುತ್ ಹುಟ್ಟುತ್ತದೆ. ಸೈಕಲ್ಲಿನ ಡೈನಮೋ ಇದರ ಅಣ್ಣ. ನೈಲಾನ್ ತಂತಿ ಕಟ್ಟಿದರೆ ಎಂಥ ಹಳೆಯ ಮರವಿದ್ದರೂ ಸ್ಪೀಕರಿನಲ್ಲಿ ನಾದ ಬರುವುದಿಲ್ಲ.

ಆದರೆ ಸುರುಳಿ ಸುತ್ತಲಿನ ಟ್ರಾನ್ಸ್‌ಫಾರ್ಮರು, ದೀಪಗಳ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ನಿನ ಎಂಜಿನಿಯರ್ ಸೇತ್ ಲವರ್ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಡೀ ಗಿಟಾರಿನ ಇತಿಹಾಸದಲ್ಲೇ ಅತ್ಯಂತ ಪ್ರಿಯವಾದದ್ದು. ಅವರು ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಇನ್ನೊಂದಕ್ಕೆ ವಿರುದ್ಧವಾಗಿ ಜೋಡಿಸಿದರು. ಹೊರಗಿನ ಗದ್ದಲವನ್ನು ಒಂದು ಸುರುಳಿ ಜಮೆ ಎಂದು ಬರೆದರೆ ಇನ್ನೊಂದು ಖರ್ಚು ಎಂದು ಬರೆಯಿತು, ಬಾಕಿ ಸೊನ್ನೆ. ಹಾಗಾದರೆ ನಾದವೂ ಅಳಿಯಬೇಕಲ್ಲ? ಅಳಿಯದಂತೆ ಎರಡನೆಯ ಸುರುಳಿಯ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿದರು. ಒಳಹೊರಗಾದ ಅಂಗಿಯನ್ನು ಇನ್ನೊಮ್ಮೆ ತಿರುವಿದರೆ ಸರಿಯಾಗುವಂತೆ, ಎರಡು ಸಲ ತಿರುಗಿದ ತಂತಿಯ ನಾದ ಮೊದಲ ಸುರುಳಿಯ ನಾದಕ್ಕೆ ಕೂಡಿಕೊಂಡಿತು. ಗದ್ದಲಕ್ಕೆ ಅಯಸ್ಕಾಂತದ ಹಂಗಿಲ್ಲದ್ದರಿಂದ ಅದು ಒಂದೇ ಸಲ ತಿರುಗಿ ಅಳಿಯಿತು.

ಮರಕ್ಕೆ ಪಾತ್ರವೇ ಇಲ್ಲವೆಂದಲ್ಲ. ಕತ್ತು ತಾನೇ ಕಂಪಿಸುವ ಶ್ರುತಿಯಲ್ಲಿ ಅದು ತಂತಿಯ ಶಕ್ತಿಯನ್ನು ಹೀರಿಕೊಂಡು ಕೆಲವು ಸ್ವರಗಳನ್ನು ಬೇಗ ಸಾಯಿಸುತ್ತದೆ. ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯಲ್ಲಿ ಬೆರಳಿಡುವ ಪಟ್ಟಿಗೆ ಆಗ ಬ್ರೆಜಿಲ್ಲಿನ ರೋಸ್‌ವುಡ್ ಹಾಕುತ್ತಿದ್ದರು. ಮುಂದೆ ಹಲವೆಡೆ ಆ ಜಾಗಕ್ಕೆ ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ. ಆದರೂ ಒಂದೇ ವರ್ಷದ ಎರಡು ಲೆಸ್ ಪಾಲ್‌ಗಳು ಬೇರೆಬೇರೆಯಾಗಿ ನುಡಿಯುತ್ತಿದ್ದರೆ ಮೊದಲು ಸುರುಳಿಗೆ ಮೀಟರ್ ಹಚ್ಚಿ ನೋಡಬೇಕು. ಸುರುಳಿಗೆ ಸುಮಾರು 5,000 ಸುತ್ತು ಎಂಬ ಲೆಕ್ಕವಿದ್ದರೂ ಅದು ಪ್ರತಿಯೊಂದರಲ್ಲೂ ಕರಾರುವಾಕ್ಕಾಗಿರಲಿಲ್ಲ, ಅಯಸ್ಕಾಂತದ ಬಗೆಯೂ ಬದಲಾಗುತ್ತಿತ್ತು. ಸುತ್ತಿನ ಈ ಹೆಚ್ಚುಕಡಿಮೆಯಿಂದ ಕೆಲವು ಪಿಕಪ್ಪುಗಳ ವಿದ್ಯುತ್ ರೋಧ 7 ಕಿಲೋಓಮ್ ಸುಮಾರಿಗೆ ನಿಂತರೆ ಕೆಲವದರದು 9ರ ಹತ್ತಿರ ಹೋಗುತ್ತದೆ.

ಎರಡು ಸುರುಳಿಯ ಈ ಪಿಕಪ್ಪಿಗೆ ಗಿಬ್ಸನ್ನಿನವರು 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿ, 1957ರಿಂದ ಗಿಟಾರುಗಳಲ್ಲಿ ಬಳಸುತ್ತಾ, 'ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ' ಎಂಬ ಚೀಟಿಯನ್ನು ಅದರ ಬೆನ್ನಿಗೆ ಅಂಟಿಸಿದರು. ಸಂಗ್ರಾಹಕರು ಇಂದು ಹುಡುಕುವುದು ಆ ಚೀಟಿಯನ್ನೇ. ಪೇಟೆಂಟ್ 1959ರಲ್ಲಿ ಸಿಕ್ಕಿತು. ಆದರೆ ಆಮೇಲಿನ ಚೀಟಿಗಳ ಮೇಲೆ ಅಚ್ಚಾದ ಸಂಖ್ಯೆ 2,737,842 ಪಿಕಪ್ಪಿನದಲ್ಲ, ಲೆಸ್ ಪಾಲ್ ರೂಪಿಸಿದ ತಂತಿ ಕಟ್ಟುವ ಟೇಲ್‌ಪೀಸಿನದು.