ವಿದ್ಯುತ್ಕಾಂತ: ಪುಟ್ಟ ರೈಲಿನಲ್ಲಿ ಅದು ಇರುವುದೆಲ್ಲಿ?

ಪದದಿಂದಲೇ ಶುರು ಮಾಡೋಣ. ‘ಅಯಸ್’ ಅಂದರೆ ಕಬ್ಬಿಣ, ‘ಕಾಂತ’ ಅಂದರೆ ಪ್ರಿಯ. ಅಯಸ್ಕಾಂತ ಕಬ್ಬಿಣಕ್ಕೆ ಪ್ರಿಯವಾದದ್ದು. ಕನ್ನಡದಲ್ಲಿ ಇದಕ್ಕೆ ಸೂಜಿಗಲ್ಲು ಅನ್ನುವ ಹೆಸರೂ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಕರೆಂಟು ಹರಿಯುವಷ್ಟು ಹೊತ್ತು ಮಾತ್ರ ಸೂಜಿಗಲ್ಲಿನಂತೆ ವರ್ತಿಸುವುದು ವಿದ್ಯುತ್ಕಾಂತ. ಕರೆಂಟು ನಿಂತರೆ ಸೆಳೆತವೂ ಹೋಯಿತು.

ತಂತಿಯಲ್ಲಿ ಕರೆಂಟು ಹರಿದಾಗ ಹತ್ತಿರದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಅನ್ನುವುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿಕೊಟ್ಟರು. ನೆಟ್ಟಗಿರುವ ಒಂದು ತಂತಿಯ ಬಲ ತೀರಾ ಕಡಿಮೆ. ಅದನ್ನೇ ಸುರುಳಿ ಸುತ್ತಿದರೆ ಎಲ್ಲ ಸುತ್ತುಗಳ ಬಲವೂ ಒಳಗೆ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತದೆ. ಸುರುಳಿಯ ಒಂದು ತುದಿ ಉತ್ತರ ಧ್ರುವ, ಇನ್ನೊಂದು ದಕ್ಷಿಣ ಧ್ರುವ ಆಗುತ್ತದೆ. ಇಂಥ ಸುರುಳಿಗೆ ಸೊಲೆನಾಯ್ಡ್ ಅನ್ನುತ್ತಾರೆ. ಕೊಳವೆ ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಅದು.

ಈಗ ರೈಲು. ಒಂದು ಎಎ ಸೆಲ್ಲು, ಅದಕ್ಕಿಂತ ಸ್ವಲ್ಪ ಅಗಲವಾದ ಎರಡು ನಿಯೋಡೈಮಿಯಮ್ ಬಿಲ್ಲೆಗಳು (ಬಲವಾದ ಪುಟ್ಟ ಸೂಜಿಗಲ್ಲುಗಳು), ಉದ್ದನೆಯ ತಾಮ್ರದ ತಂತಿ. ಇಷ್ಟೇ ಸಾಕು. ಸೆಲ್ಲಿನ ಎರಡೂ ತುದಿಗೆ ಒಂದೊಂದು ಬಿಲ್ಲೆ ಅಂಟಿಸಿ, ತಂತಿಯ ಸುರುಳಿಯೊಳಗೆ ತೂರಿಸಿದರೆ ಅದು ಸರ್ರನೆ ಓಡುತ್ತದೆ. ಗಾಲಿ ಇಲ್ಲ, ಮೋಟಾರ್ ಇಲ್ಲ. ಹಾಗಾದರೆ ಇದರಲ್ಲಿ ವಿದ್ಯುತ್ಕಾಂತ ಯಾವುದು?

ಬಿಲ್ಲೆಗಳು ಅಂತ ತುಂಬಾ ಜನ ಹೇಳುತ್ತಾರೆ. ಅಲ್ಲ, ಅವು ಯಾವಾಗಲೂ ಸೂಜಿಗಲ್ಲೇ. ವಿದ್ಯುತ್ಕಾಂತ ಆಗುವುದು ಹಳಿ, ಅಂದರೆ ಸುರುಳಿ. ಅದೂ ಪೂರ್ತಿ ಸುರುಳಿಯಲ್ಲ. ಬಿಲ್ಲೆಗಳ ಮೇಲಿನ ಲೋಹದ ಲೇಪನದಲ್ಲಿ ಕರೆಂಟು ಹರಿಯುತ್ತದೆ. ಒಂದು ಬಿಲ್ಲೆಯ ಅಂಚಿನಿಂದ ಅದು ತಂತಿಗೆ ಇಳಿದು, ಸುತ್ತುಗಳಲ್ಲಿ ಸಾಗಿ, ಇನ್ನೊಂದು ಬಿಲ್ಲೆಯಿಂದ ಸೆಲ್ಲಿಗೆ ವಾಪಸ್ ಬರುತ್ತದೆ. ಹಾಗಾಗಿ ಎರಡು ಬಿಲ್ಲೆಗಳ ನಡುವಿನ ತುಂಡಿಗೆ ಮಾತ್ರ ಜೀವ. ಆ ತುಂಡಿನ ಒಂದು ತುದಿ ತನ್ನ ಹತ್ತಿರದ ಬಿಲ್ಲೆಯನ್ನು ತಳ್ಳುತ್ತದೆ, ಇನ್ನೊಂದು ತುದಿ ತನ್ನ ಬಿಲ್ಲೆಯನ್ನು ಎಳೆಯುತ್ತದೆ. ಎರಡೂ ಒಂದೇ ಕಡೆಗೆ. ರೈಲು ಚೂರು ಮುಂದೆ ಹೋದರೆ ಬಿಲ್ಲೆಗಳು ಹೊಸ ಸುತ್ತುಗಳನ್ನು ಮುಟ್ಟುತ್ತವೆ, ವಿದ್ಯುತ್ಕಾಂತವೂ ಜೊತೆಗೇ ಮುಂದೆ ಸರಿಯುತ್ತದೆ. ತನ್ನನ್ನು ಓಡಿಸುವ ಕಾಂತವನ್ನು ರೈಲು ಹೋದಲ್ಲೆಲ್ಲ ತಾನೇ ಹುಟ್ಟಿಸಿಕೊಳ್ಳುತ್ತದೆ! ಎಷ್ಟು ಸಲ ನೋಡಿದರೂ ನನಗೆ ಇದು ಹಳೆಯದಾಗಿಲ್ಲ.

ಇಷ್ಟು ತಿಳಿದರೆ ಎಲ್ಲಿ ಕೆಡುತ್ತದೆ ಅನ್ನುವುದೂ ಹೊಳೆಯುತ್ತದೆ. ಬಿಲ್ಲೆಗಳ ಒಂದೇ ಧ್ರುವ ಸೆಲ್ಲಿನ ಕಡೆ ಇರಬೇಕು. ಎರಡು ಬಿಲ್ಲೆಗಳನ್ನು ಎದುರುಬದುರು ಹಿಡಿಯಿರಿ. ಬೆರಳಿನ ನಡುವೆ ಜಾರಿಕೊಂಡು ದೂರ ಸರಿಯುವ ಮುಖಗಳು ಸಿಗುತ್ತವಲ್ಲ, ಆ ಎರಡೂ ಸೆಲ್ಲಿನ ಕಡೆ ಬರಲಿ. ಒಂದು ಬಿಲ್ಲೆ ತಿರುವುಮುರುವಾದರೆ ಎರಡು ತುದಿಗಳ ಬಲ ಒಂದಕ್ಕೊಂದು ಎದುರಾಗಿ ರೈಲು ನಿಂತಲ್ಲೇ ನಿಲ್ಲುತ್ತದೆ. ಒಳಗೆ ಹೋಗದೆ ಹೊರಗೇ ತಳ್ಳಿಸಿಕೊಂಡರೆ ಮಾತ್ರ ಗಾಬರಿ ಬೇಡ, ರೈಲನ್ನು ತಿರುಗಿಸಿ ಇನ್ನೊಂದು ತುದಿ ಮೊದಲು ಹಾಕಿ.

ತಂತಿ ಬರಿಯ ತಾಮ್ರದ್ದೇ ಆಗಿರಬೇಕು. ನಾನು ಮೊದಲ ಸಲ ಮೋಟಾರಿಗೆ ಸುತ್ತುವ ತಂತಿ ತಂದು, ಒಂದು ಕೋಲಿಗೆ ಸಂಜೆಯೆಲ್ಲ ಕೂತು ಸುತ್ತಿದೆ. ಕೆಂಪಗೆ ಹೊಳೆಯುತ್ತಿತ್ತು, ತಾಮ್ರದ ಹಾಗೇ ಕಾಣುತ್ತಿತ್ತು. ರೈಲು ಕದಲಲಿಲ್ಲ. ಉಗುರಿನಿಂದ ಕೆರೆದು ನೋಡಿದಾಗ ಗೊತ್ತಾಯಿತು, ಮೇಲೆ ತೆಳುವಾದ ವಾರ್ನಿಶ್ ಪದರ ಇತ್ತು. ಕರೆಂಟು ತಂತಿಗೆ ಇಳಿಯಲು ದಾರಿಯೇ ಇರಲಿಲ್ಲ. ಸುತ್ತುಗಳು ಒತ್ತೊತ್ತಾಗಿರಲಿ, ಆದರೆ ಒಂದಕ್ಕೊಂದು ತಾಗದಿರಲಿ. ತಾಗಿದರೆ ಕರೆಂಟು ಸುತ್ತು ಹಾಕದೆ ಅಡ್ಡದಾರಿ ಹಿಡಿಯುತ್ತದೆ.

ಸುರುಳಿಯ ಎರಡು ತುದಿಗಳನ್ನು ಸೇರಿಸಿ ಉಂಗುರ ಮಾಡಿದರೆ ರೈಲು ಸುಮ್ನೆ ಸುತ್ತುತ್ತಲೇ ಇರುತ್ತದೆ. ಆದರೆ ಜಾಸ್ತಿ ಹೊತ್ತು ಬಿಡಬೇಡಿ. 1.5 ವೋಲ್ಟಿನ ಸೆಲ್ಲಾದರೂ ತಂತಿಯ ತಡೆ ಕಡಿಮೆ, ಹೆಚ್ಚುಕಡಿಮೆ ಶಾರ್ಟ್ ಆದ ಹಾಗೆ. ಬೇಗ ಬಿಸಿಯಾಗುತ್ತದೆ, ಬೇಗ ಮುಗಿಯುತ್ತದೆ. ಆಟ ಮುಗಿದ ಮೇಲೆ ಬಿಲ್ಲೆಗಳನ್ನು ಎಣಿಸಿ ಎತ್ತಿಡಿ. ಮಗು ಎರಡು ಬಿಲ್ಲೆ ನುಂಗಿದರೆ ಅವು ಹೊಟ್ಟೆಯೊಳಗೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳಬಹುದು. ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.